ನಿಂತಲ್ಲೇ ನಡುಗುವ ಕಾರು

ಕಾರು ತರುವಾಗ ಮನೆಯಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಒಂದೇ ಮಾತು: ಅದು ವೀಣಾಳ ಓಡಾಟಕ್ಕೆ. ಶಿವಮೊಗ್ಗದ ಲ್ಯಾಬಿನಲ್ಲಿ ಖಾಲಿ ಹೊಟ್ಟೆಯ ರಕ್ತ ಕೊಡಲು ಜನ ಬೆಳಗಾಗುತ್ತಲೇ ಬಂದು ಕೂರುತ್ತಾರೆ. ರಕ್ತ ತೆಗೆಯುವವಳು ಬಸ್ಸು ಸಿಗಲಿಲ್ಲವೆಂದರೆ ಹಸಿದವರು ಕೇಳುತ್ತಾರೆಯೇ? ಮಗಳು ದಿವ್ಯಶ್ರೀಯ ಶಾಲೆ ವಿದ್ಯಾನಗರದಲ್ಲಿ, ಅದೂ ಅದೇ ದಾರಿ. ತಾಯಿ ಮಗಳು ದಿನವೂ ಭದ್ರಾವತಿಯಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುವುದನ್ನು ನೋಡಲಾರೆ ಎಂದು ಮರುಕಪಟ್ಟವರು ಸ್ವತಃ ಮಾವ ಚೌಡಪ್ಪ. ಕಂತು ವೀಣಾಳ ಸಂಬಳದಿಂದ ಹೋಗತೊಡಗಿತು. ಕೀಲಿಕೈ ಮಾತ್ರ ಚೌಡಪ್ಪನವರ ಅಂಗಿಯ ಜೇಬು ಸೇರಿತು.

ಚೌಡಪ್ಪ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಹರೆಯ ಸವೆಸಿದವರು. ಅಲ್ಲಿ ಕೆಲಸ ಮಾಡುವ ಪಂಪಿನ ಪಕ್ಕದಲ್ಲಿ ಇನ್ನೊಂದು ಸ್ಟ್ಯಾಂಡ್‌ಬೈ ಪಂಪು ಸುಮ್ಮನೆ ಕೂತಿರುತ್ತಿತ್ತು, ಮೊದಲಿನದು ಕೈಕೊಟ್ಟರೆ ಇರಲಿ ಎಂದು. ಆ ಕೂತ ಪಂಪನ್ನು ಪ್ರತಿ ಪಾಳಿಯಲ್ಲೂ ಸ್ವಲ್ಪ ಹೊತ್ತು ತಿರುಗಿಸಿ ನಿಲ್ಲಿಸಬೇಕು, ಇಲ್ಲದಿದ್ದರೆ ತುಕ್ಕು ಹಿಡಿದು ಬೇಕಾದ ದಿನ ಏಳುವುದಿಲ್ಲ. ಈ ನಿಯಮ ಅವರಿಗೆ ರಕ್ತಗತವಾಗಿ ಹೋಗಿತ್ತು. ನಿವೃತ್ತಿಯಾಗಿ ಜನ್ನಾಪುರದ ಸ್ವಂತ ಮನೆಗೆ ಬಂದ ಮೇಲೆ ತಿರುಗಿಸಲು ಏನೂ ಇರಲಿಲ್ಲ. ಈಗ ಕಾರು ಬಂತು. ಬೆಳಗ್ಗೆ ಸ್ನಾನ ಮುಗಿಸಿ, ಕಾರಿನ ಮೂತಿಗೆ ಕುಂಕುಮವಿಟ್ಟು, ಊದುಬತ್ತಿ ಬೆಳಗಿ, ಒಳಗೆ ಕೂತು ಸ್ಟಾರ್ಟ್ ಮಾಡುವರು. ಇಳಿದು ಬಾನೆಟ್ಟಿನ ಮೇಲೆ ಅಂಗೈ ಊರಿ ತಲೆ ವಾಲಿಸಿ ಆಲಿಸುವರು. ಹೆಂಡತಿ ಲಿಂಗಮ್ಮ ಕಾಫಿ ಲೋಟ ತರುವಷ್ಟರಲ್ಲಿ ಆರಿಸುವರು. ಸಂಜೆ ದೀಪ ಹಚ್ಚಿದ ಮೇಲೆ ಮತ್ತೊಮ್ಮೆ. ಸಂಜೆಯ ಪಾಳಿಗೆ ಮೊಮ್ಮಗಳು ಪಕ್ಕದ ಸೀಟಿನಲ್ಲಿ ಹಾಜರು. ಕಾರು ಓಡಿಸಲು ಅವರಿಗೆ ಬರುತ್ತಿರಲಿಲ್ಲ, ಬರಬೇಕೆಂಬ ಆಸೆಯೂ ಇರಲಿಲ್ಲ. ಮನೆಯವರೆಲ್ಲ ಅದನ್ನು ಪೂಜೆಯ ಲೆಕ್ಕಕ್ಕೆ ಹಾಕಿ ಸುಮ್ಮನಾಗಿದ್ದರು.

ವೀಣಾ ಲೈಸೆನ್ಸ್ ತೆಗೆದುಕೊಂಡು ಕಾದದ್ದೇ ಬಂತು. ಕೇಳಿದಾಗೆಲ್ಲ ಒಂದೊಂದು ನೆಪ. ಇವತ್ತು ಅಮಾವಾಸ್ಯೆ, ನಾಳೆ ಮಳೆ, ನಾಡಿದ್ದು ರಸ್ತೆ ಅಗೆದಿದ್ದಾರೆ. ಅಂತೂ ಎಲ್ಲೋ ವಾರಕ್ಕೊಮ್ಮೆ ಕೀಲಿಕೈ ಸಿಗುತ್ತಿತ್ತು. ಅಂಥದೊಂದು ದಿನ ಮಗಳನ್ನು ಕೂರಿಸಿಕೊಂಡು ಹೋದವಳಿಗೆ ಭದ್ರಾವತಿ ದಾಟುವ ಮೊದಲೇ ಸರ್ಕಲ್ಲೊಂದರಲ್ಲಿ ಕಾರು ಕೈಕೊಟ್ಟಿತು. ಸಿಗ್ನಲ್ಲಿಗೆ ನಿಂತದ್ದೇ ತಡ, ಎಂಜಿನ್ ಅಲ್ಲೇ ನಡುಗತೊಡಗಿತು. ಸ್ಟಿಯರಿಂಗ್ ಹಿಡಿದ ಕೈ, ಕೈಯ ಬಳೆ, ಹಿಂದಿನ ಸೀಟಿನ ಊಟದ ಡಬ್ಬಿ, ಎಲ್ಲ ಗಡಗಡ. ಸ್ಟಿಯರಿಂಗ್ ಎದುರಿನ ಫಲಕದಲ್ಲಿ ಎಂಜಿನ್ನಿನ ಹಳದಿ ದೀಪ ಮಿಣುಕಿತು. ಗೇರು ಹಾಕುವಷ್ಟರಲ್ಲಿ ಎಂಜಿನ್ ಕೆಮ್ಮಿ ಆರಿಹೋಯಿತು. ಹಿಂದಿನವರ ಹಾರನ್ನು ಒಂದೇ ಎರಡೇ. ದಿವ್ಯಳ ತರಗತಿಯ ಹುಡುಗಿಯರು ಪಕ್ಕದ ವ್ಯಾನಿನಿಂದ ಇಣುಕಿ ನಕ್ಕರು.

"ಅಮ್ಮಾ, ನಿಂಗೆ ಬರಲ್ಲ ಅಂದ್ಮೇಲೆ ಯಾಕೆ ತರ್ತೀಯಾ?" ಎಂದಳು ಮಗಳು, ಮುಖ ಕೆಂಪಗೆ ಮಾಡಿಕೊಂಡು.

ರಾತ್ರಿ ಊಟದ ಹೊತ್ತಿಗೆ ಸುದ್ದಿ ಅಜ್ಜಿಗೆ, ಅಜ್ಜಿಯಿಂದ ತಾತನಿಗೆ ತಲುಪಿಯಾಗಿತ್ತು. ಚೌಡಪ್ಪ ಮುದ್ದೆ ಮುರಿಯುತ್ತ, ಸೊಸೆಯ ಕಡೆ ನೋಡದೆ ಮಗನಿಗೆ ಹೇಳಿದರು.

"ಅರ್ಧ ಕ್ಲಚ್ ಒತ್ಕೊಂಡೇ ಓಡಿಸ್ತಾಳೆ ಅನ್ಸುತ್ತೆ. ಹೊಸಾ ಮೆಷಿನ್ನು, ತಡ್ಕೊಳುತ್ತಾ?"

"ಕ್ಲಚ್ ಒತ್ತಿರಲಿಲ್ಲ ಮಾವ. ನ್ಯೂಟ್ರಲ್‌ನಲ್ಲಿ ನಿಂತಿತ್ತು. ನಿಂತಿದ್ದಾಗಲೇ ಅದುರೋಕೆ ಶುರು ಮಾಡ್ತು," ಎಂದಳು ವೀಣಾ.

"ನನ್ನ ಕೈಲಿ ದಿನಾ ನಿಂತೇ ಇರುತ್ತಲ್ಲಮ್ಮ, ನಂಗ್ಯಾಕೆ ಅದುರಲ್ಲ?"

"ನಿಮಗೂ ಅದುರುತ್ತೆ. ಮೊನ್ನೆ ಅದುರಿದ್ದನ್ನ ನಾನೇ ನೋಡ್ದೆ."

"ಅದು ಚಳಿಗೆ," ಎಂದರು ಚೌಡಪ್ಪ. ಗಂಡ ದೇವರಾಜ ಹುರುಳಿಸಾರು ಬಡಿಸಿಕೊಳ್ಳುವುದರಲ್ಲಿ ಮಗ್ನನಾಗಿದ್ದ. ಊರಿನ ಕಾಲೇಜೊಂದರಲ್ಲಿ ಗುಮಾಸ್ತನಾಗಿದ್ದ ಅವನಿಗೆ ಎರಡು ಜನ ಜೋರಾಗಿ ಮಾತಾಡಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಅಪ್ಪ ಕೀಲಿಕೈಯನ್ನು ಜೇಬಿನೊಳಗೆ ಇನ್ನಷ್ಟು ಆಳಕ್ಕೆ ತಳ್ಳಿ ಗುಂಡಿ ಹಾಕಿಕೊಂಡದ್ದನ್ನು ಅವನು ನೋಡಿಯೂ ನೋಡದಂತಿದ್ದ.

ಮಾರನೆಯ ದಿನದಿಂದ ತಾಯಿ ಮಗಳಿಗೆ ಮತ್ತೆ ಬಸ್ಸು.

ಕಾರಿನ ನಡುಕ ಮಾತ್ರ ದಿನದಿಂದ ದಿನಕ್ಕೆ ಹೆಚ್ಚಿತು. ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಗೂರಲು ಹತ್ತಿದವರಂತೆ ಕೆಮ್ಮುತ್ತಿತ್ತು. ಪೆಟ್ರೋಲಿನಲ್ಲಿ ಕಲಬೆರಕೆ ಇರಬಹುದೆಂದು ದೇವರಾಜ ಬಂಕು ಬದಲಾಯಿಸಿದ. ಯಾರೋ ಹೇಳಿದರೆಂದು ಎಂಥದೋ ದ್ರಾವಣ ತಂದು ಟ್ಯಾಂಕಿಗೆ ಸುರಿದ. ಲಿಂಗಮ್ಮ ಕಣ್ಣಾಸರ ಎಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಘಾಟು ಬಂದು ಮನೆಮಂದಿಯೆಲ್ಲ ಕೆಮ್ಮಿದರು, ಕಾರೂ ಕೆಮ್ಮಿತು. ಕೊನೆಗೆ ಶಿವಮೊಗ್ಗದ ಶೋರೂಮಿಗೆ ದೇವರಾಜ ಒಬ್ಬನೇ ಒಯ್ದ. ಅಷ್ಟು ದೂರ ಓಡಿ ಬಿಸಿಯಾಗಿದ್ದ ಕಾರು ಅಲ್ಲಿ ಒಳ್ಳೆಯ ಮಗುವಿನಂತೆ ನಿಂತಿತು. ಕಂಪ್ಯೂಟರ್ ಹಚ್ಚಿ, ಹಳದಿ ದೀಪ ಆರಿಸಿ, ತೊಳೆದು ಕಳಿಸಿದರು. ಅದೇ ವಾರ ದೀಪ ಮತ್ತೆ ಹತ್ತಿತು.

"ನಾನು ಆಗ್ಲೇ ಹೇಳ್ಲಿಲ್ವಾ? ಒಂದ್ಸಲ ಕೆಟ್ಟ ಕೈಗೆ ಸಿಕ್ರೆ ಮೆಷಿನ್ ಸುಧಾರಿಸ್ಕೊಳ್ಳೋದು ಕಷ್ಟ," ಎಂದರು ಚೌಡಪ್ಪ.

"ಮುಟ್ಟಿದ್ದು ಎಷ್ಟು ದಿನ ಅತ್ತೆ ನಾನು? ನೀವೇ ಹೇಳಿ," ಎಂದು ವೀಣಾ ಅಡುಗೆಮನೆಯಲ್ಲಿ ಕೇಳಿದಳು.

ಲಿಂಗಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ದೊಡ್ಡೋರು ಒಂದು ಮಾತು ಅಂದ್ರೆ ಅಂದ್ಕೊಳ್ಲಿ ಬಿಡೆ ಮಾರಾಯ್ತಿ. ನಿಂಗೇನು ಮೈ ಸವೆಯುತ್ತಾ?"

ಮೈ ಸವೆಯುತ್ತಿದ್ದದ್ದು ನಿಜವೇ ಆಗಿತ್ತು. ಬಸ್ಸು ತಪ್ಪಿ ಎರಡು ಸಲ ತಡವಾಗಿ, ಲ್ಯಾಬಿನ ಮಾಲೀಕರು ಮುಂದಿನ ಸಲ ಬೆಳಗಿನ ಕೆಲಸಕ್ಕೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಮುಖದ ಮೇಲೆ ಹೊಡೆದಂತೆ ಹೇಳಿದ್ದರು. ವೀಣಾ ಮನೆಯಲ್ಲಿ ಅದನ್ನು ಹೇಳಿದಾಗ ಯಾರೂ ತಲೆಯೆತ್ತಲಿಲ್ಲ. ಅವಳಿಗೆ ರೋಷ ಬಂದದ್ದು ಆಗ. ಕಂತು ಕಟ್ಟುವವಳು ತಾನು, ಬಸ್ಸಿನಲ್ಲಿ ನಿಲ್ಲುವವಳೂ ತಾನು, ಹಾಳು ಮಾಡಿದವಳೂ ತಾನೇ. ಲ್ಯಾಬಿನಲ್ಲಿ ಒಂದು ತೊಟ್ಟು ರಕ್ತಕ್ಕೂ ಪರೀಕ್ಷೆ ಮಾಡದೆ ರೋಗದ ಹೆಸರು ಹಚ್ಚುವಂತಿಲ್ಲ. ಇವರ ಮನೆಯಲ್ಲಿ ಪರೀಕ್ಷೆಗೆ ಮೊದಲೇ ಹೆಸರು ಗೊತ್ತು.

"ಈ ಸಲ ನಾನೂ ಬರ್ತೀನಿ," ಎಂದಳು ಗಂಡನಿಗೆ. "ರಾತ್ರಿ ಅಲ್ಲೇ ಬಿಟ್ಟು ಬರೋಣ. ಬೆಳಗ್ಗೆ ತಣ್ಣಗಿದ್ದಾಗ ನನ್ನೆದುರಿಗೇ ಸ್ಟಾರ್ಟ್ ಮಾಡ್ಲಿ."

"ಒಂದಿನ ರಜಾ ಯಾಕೆ ಹಾಳು ಮಾಡ್ಕೊಳ್ತೀಯ?"

"ನನ್ನ ಹೆಸರು ಹಾಳಾಗಿದ್ಯಲ್ಲ, ಅದಕ್ಕಿಂತ ರಜಾ ದೊಡ್ಡದಾ?"

ಶೋರೂಮಿನಲ್ಲಿ ಗ್ರಾಹಕರನ್ನು ನೋಡಿಕೊಳ್ಳುತ್ತಿದ್ದ ಹುಡುಗಿ ಮೋನಿಕಾ. ಅವಳ ಒಂದು ಕಣ್ಣು ಸದಾ ಫೋನಿನ ಮೇಲೆ, ಇನ್ನೊಂದು ಗಡಿಯಾರದ ಮೇಲೆ. ವೀಣಾ ಬೆಂಚಿನ ಮೇಲೆ ಕೂರಲು ಒಪ್ಪದೆ ಕಾರಿನ ಪಕ್ಕದಲ್ಲೇ ನಿಂತದ್ದು ಅವಳಿಗೆ ಕಿರಿಕಿರಿಯೇ ಆಯಿತು. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದೊಡನೆ ಕಾರು ತನ್ನ ಬುದ್ಧಿ ತೋರಿಸಿತು. ಕಂಪ್ಯೂಟರ್ ನೋಡಿ ಮೋನಿಕಾ, "ಎರಡನೇ ಸಿಲಿಂಡರ್ ಜಾಸ್ತಿ ಮಿಸ್ ಹೊಡೀತಿದೆ. ಉಳಿದವೂ ಅಷ್ಟಕ್ಕಷ್ಟೇ," ಎಂದಳು. ಮೆಕ್ಯಾನಿಕ್ ಎರಡನೆಯದರ ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಕಿತ್ತು ಮೂರನೆಯದಕ್ಕೆ, ಅಲ್ಲಿನದನ್ನು ಇಲ್ಲಿಗೆ ಹಾಕಿ ಮತ್ತೆ ಸ್ಟಾರ್ಟ್ ಮಾಡಿದ.

"ಯಾಕೆ ಹೀಗೆ?" ಎಂದಳು ವೀಣಾ.

"ಕಾಯಿಲ್ ಹಾಳಾಗಿದ್ರೆ ತೊಂದರೆ ಅದರ ಜೊತೆ ಮೂರಕ್ಕೆ ಹೋಗ್ಬೇಕು ಮ್ಯಾಮ್. ನೋಡಿ, ಹೋಗ್ಲಿಲ್ಲ. ಎರಡರಲ್ಲೇ ಇದೆ. ಅಂದ್ರೆ ಕಾಯಿಲ್ ಸರಿಯಿದೆ. ಮುಂದಿಂದು ಪ್ಲಗ್ಗು," ಎಂದಳು ಮೋನಿಕಾ.

ಇಷ್ಟು ದಿನದಲ್ಲಿ ಮೊದಲ ಸಲ ಯಾರೋ ಸರಿಯಾಗಿ ವಿಚಾರಿಸುತ್ತಿದ್ದಾರೆ ಎಂದು ವೀಣಾಳಿಗೆ ಕಣ್ಣಂಚು ಒದ್ದೆಯಾಯಿತು. ಪ್ಲಗ್ಗುಗಳನ್ನು ಬಿಚ್ಚಿ ಬಟ್ಟೆಯ ಮೇಲಿಟ್ಟರು. ಸೌದೆ ಒಲೆಯ ಪಾತ್ರೆಯ ತಳದ ಹಾಗೆ ಎಲ್ಲಕ್ಕೂ ಮಸಿ; ಎರಡನೆಯದಂತೂ ಮಸಿ, ಪೆಟ್ರೋಲು ಎರಡೂ ಮೆತ್ತಿ ಹಸಿಯಾಗಿತ್ತು.

ಮೋನಿಕಾ ಮತ್ತೆ ಪರದೆ ನೋಡಿದಳು. "ಈ ಗಾಡಿ ಓಡಿದ್ದಕ್ಕಿಂತ ನಿಂತು ಉರಿದಿದ್ದೇ ಜಾಸ್ತಿ ಇದೆಯಲ್ಲ ಮ್ಯಾಮ್. ಮನೇಲಿ ಯಾರಾದ್ರೂ ಸುಮ್ನೆ ಸ್ಟಾರ್ಟ್ ಮಾಡಿ ಆಫ್ ಮಾಡ್ತಾರಾ?"

ವೀಣಾ ಗಂಡನ ಮುಖ ನೋಡಿದಳು. ದೇವರಾಜ ಗೋಡೆಯ ಮೇಲಿನ ಹೊಸ ಕಾರಿನ ಚಿತ್ರ ನೋಡಿದ.

"ದಿನಾ ಮಾಡ್ತಾರೆ. ಬೆಳಗ್ಗೆ, ಸಂಜೆ," ಎಂದಳು ವೀಣಾ.

"ಅದೇ ಮತ್ತೆ. ತಣ್ಣಗಿದ್ದಾಗ ಎಂಜಿನ್ ಪೆಟ್ರೋಲ್ ಜಾಸ್ತಿ ಎಳ್ಕೊಳುತ್ತೆ. ಬಿಸಿ ಆಗೋ ಮೊದ್ಲೇ ಆರಿಸಿದ್ರೆ ಪೂರ್ತಿ ಸುಡಲ್ಲ. ಮಸಿ ಆಗಿ ಪ್ಲಗ್ ಮೇಲೆ ಕೂರುತ್ತೆ. ಹೊಸ ಪ್ಲಗ್ ಹಾಕಿ ಕೊಡ್ತೀವಿ. ಆದ್ರೆ ಓಡಿಸೋದಿದ್ರೆ ಮಾತ್ರ ಸ್ಟಾರ್ಟ್ ಮಾಡಿ."

"ಕ್ಲಚ್ ತಪ್ಪಾಗಿ ಒತ್ತಿದ್ರೆ ಹೀಗಾಗುತ್ತಾ?"

"ಕ್ಲಚ್ಚಿಗೂ ಇದಕ್ಕೂ ಸಂಬಂಧಾನೇ ಇಲ್ಲ," ಎಂದು ಮೋನಿಕಾ ಫೋನು ಕಿವಿಗಿಟ್ಟುಕೊಂಡು ಹೋದಳು.

ವಾಪಸು ಬರುವಾಗ ವೀಣಾಳೇ ಓಡಿಸಿದಳು. ಕಾರು ಬೆಣ್ಣೆಯಂತೆ ಸಾಗಿತು. ಊರು ಹತ್ತಿರವಾದಾಗ ದೇವರಾಜ ಮಾತು ತೆಗೆದ.

"ಅಪ್ಪಂಗೆ ಇದನ್ನ ಹೇಳೋದು ಬೇಡ ಕಣೆ."

"ಯಾಕ್ರೀ?"

"ನೊಂದ್ಕೋತಾರೆ. ಜೀವನವೆಲ್ಲ ಮೆಷಿನ್ ಜೊತೆ ಇದ್ದೋರು. ಕಂಪನಿಯಿಂದ ಬಂದ ಪ್ಲಗ್ಗೇ ಸರಿ ಇರಲಿಲ್ಲ ಅಂದ್ಬಿಡೋಣ. ಸ್ಟಾರ್ಟ್ ಮಾಡ್ಬೇಡಿ ಅಂತ ನಾನು ನಿಧಾನಕ್ಕೆ ಹೇಳ್ತೀನಿ."

ವೀಣಾ ಯೋಚಿಸಿದಳು. ಮಾವನಿಗೆ ಅವಮಾನವಾಗಲಿ ಎಂದು ಅವಳಿಗೇನೂ ಇರಲಿಲ್ಲ. ತನ್ನ ಮೇಲಿನ ಮಾತು ಹೋದರೆ ಸಾಕಿತ್ತು, ಕೀಲಿಕೈ ಕೈಗೆ ಬಂದರೆ ಸಾಕಿತ್ತು.

"ಆಯ್ತು. ಕಂಪನಿ ತಪ್ಪು ಅನ್ನಿ. ಆದ್ರೆ ನಂದಲ್ಲ ಅನ್ನೋದನ್ನ ಅವರೆದುರಿಗೆ ಬಾಯಿ ಬಿಟ್ಟು ಹೇಳ್ಬೇಕು ನೀವು."

"ಹೇಳ್ತೀನಿ ಮಾರಾಯ್ತಿ," ಎಂದ ದೇವರಾಜ.

ಹೇಳುವ ಗಂಡಸೇ ಅವನು! ಮನೆಗೆ ಬಂದು ಕೈಕಾಲು ತೊಳೆಯುವುದರೊಳಗೆ ಚೌಡಪ್ಪ ಅವನನ್ನು ಹಿಡಿದರು. ಏನು ಬದಲಾಯಿಸಿದರು? ಪ್ಲಗ್ಗು. ಪ್ಲಗ್ಗಿಗೇನಾಗಿತ್ತು? ಮಸಿ. ಕಂಪನಿಯ ತಪ್ಪಂತೆ. ಕಂಪನಿಯ ತಪ್ಪಾದರೆ ಒಂದು ಪ್ಲಗ್ಗು ಹಾಳಾಗಬೇಕು, ಎಲ್ಲಕ್ಕೂ ಹೇಗೆ ಮಸಿ ಹಿಡಿಯಿತು? ಬಾಯ್ಲರ್ ಮನೆಯ ಮೇಸ್ತ್ರಿಯ ಮುಂದೆ ಗುಮಾಸ್ತನ ಸುಳ್ಳು ಎಷ್ಟು ಹೊತ್ತು ನಿಂತೀತು? ಮೂಲೆಗೆ ಸಿಕ್ಕಿಬಿದ್ದವನು ಹತ್ತಿರ ಕಂಡ ಬಾಗಿಲಿನಿಂದ ಓಡಿಹೋದ.

"ಅದೇ... ಡ್ರೈವಿಂಗಿಂದಲೂ ಆಗುತ್ತೆ ಅಂದ್ರು."

"ಹಾಗೆ ಹೇಳು!" ಎಂದರು ಚೌಡಪ್ಪ. ಸೊಸೆಯ ಕಡೆ ತಿರುಗಿ, ಎಂದೂ ಇಲ್ಲದ ಮೃದು ದನಿಯಲ್ಲಿ, "ಹೋಗ್ಲಿ ಬಿಡಮ್ಮ, ಎಲ್ಲರಿಗೂ ಎಲ್ಲಾ ಬರ್ಬೇಕು ಅಂತೇನಿಲ್ಲ," ಎಂದು ಕೈ ಚಾಚಿದರು. ವೀಣಾ ಕೀಲಿಕೈ ಕೊಟ್ಟಳು. ಆ ಮೃದು ದನಿ ಅವಳನ್ನು ಸುಟ್ಟಷ್ಟು ಅವರ ಬೈಗುಳ ಎಂದೂ ಸುಟ್ಟಿರಲಿಲ್ಲ.

ರಾತ್ರಿ ಗಂಡನಿಗೆ ಅವಳು ಹೆಚ್ಚೇನೂ ಹೇಳಲಿಲ್ಲ. "ನಿಮ್ಮ ಮೇಲೆ ನಂಬಿಕೆ ಇಟ್ಟಿದ್ದೆ ನೋಡಿ, ನಂಗೆ ಬುದ್ಧಿ ಇಲ್ಲ," ಎಂದಳು. ಅವನು ನಾಳೆ ಸರಿಮಾಡುತ್ತೇನೆಂದ. ಆ ನಾಳೆ ವಾರ ಕಳೆದರೂ ಬರಲಿಲ್ಲ.

ಮುಂದಿನ ಭಾನುವಾರ ಕರಿಯಣ್ಣ ಬಂದರು. ಚೌಡಪ್ಪನವರ ಜೊತೆ ಬಾಯ್ಲರ್ ಮನೆಯಲ್ಲಿದ್ದವರು. ಕಿವಿಗೆ ಬಿದ್ದದ್ದನ್ನು ಪೇಟೆಗೆಲ್ಲ ಹಂಚುವ ಬಾಯಿ. ಇಬ್ಬರೂ ಜಗಲಿಯ ಮೇಲೆ ಕೂತರು. ವೀಣಾ ಒಳಗೆ ಮಂಡಕ್ಕಿಗೆ ಒಗ್ಗರಣೆ ಹಾಕುತ್ತಿದ್ದಳು. ಮಾತು ಕಾರಿಗೆ ಬಂತು.

"ಹೊಸಾ ಗಾಡಿ ಕಣೋ. ನಮ್ಮ ಸೊಸೆ ಓಡಿಸೋ ಚೆಂದಕ್ಕೆ ಪ್ಲಗ್ಗೆಲ್ಲ ಸುಟ್ಟು ಕರ್ರಗಾಗಿತ್ತು. ನಾನಿದ್ದೆ, ದಿನಾ ಸ್ಟಾರ್ಟ್ ಮಾಡಿ ಕಾಪಾಡ್ಕೊಂಡು ಬಂದಿದ್ದಕ್ಕೆ ಇಷ್ಟಾದ್ರೂ ಉಳೀತು."

ವೀಣಾ ತಟ್ಟೆ ಹಿಡಿದು ಹೊಸ್ತಿಲಲ್ಲಿ ನಿಂತಳು. ಒಳಗೆ ಹೋಗಬಹುದಿತ್ತು. ಕರಿಯಣ್ಣ ಹೋದ ಮೇಲೆ ಕೇಳಬಹುದಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೆ ತನ್ನ ಮರ್ಯಾದೆ ಹೋದದ್ದು ನಾಲ್ಕು ಜನರ ಎದುರಿಗೆ ತಾನೇ, ಇವರದೂ ಹಾಗೇ ಹೋಗಲಿ ಎನ್ನಿಸಿತು.

"ಕರಿಯಣ್ಣೋರೇ, ಪ್ಲಗ್ ಸುಟ್ಟಿದ್ದು ನನ್ನಿಂದ ಅಲ್ಲ," ಎಂದಳು ತಟ್ಟೆ ಕೆಳಗಿಡುತ್ತ. "ದಿನಾ ಎರಡು ಹೊತ್ತು ತಣ್ಣನೆ ಎಂಜಿನ್ ಸ್ಟಾರ್ಟ್ ಮಾಡಿ, ಬಿಸಿ ಆಗೋ ಮೊದ್ಲೇ ಆರಿಸ್ತಾರಲ್ಲ ಮಾವ, ಅದರಿಂದ ಮಸಿ ಕೂತಿದ್ದು. ಶೋರೂಮಲ್ಲಿ ನನ್ನೆದುರಿಗೆ, ಇವರ ಮಗನ ಎದುರಿಗೆ ಹೇಳಿದ್ರು."

"ವೀಣಾ!" ಎಂದ ದೇವರಾಜ ಒಳಗಿನಿಂದ.

"ಸುಳ್ಳಾದ್ರೆ ಹೊರಗೆ ಬಂದು ಹೇಳಿ," ಎಂದಳು ಅವಳು. ಅವನು ಬರಲಿಲ್ಲ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ನಾಲಗೆ ಕೇಳಲಿಲ್ಲ. "ಓಡಿಸೋಕೆ ಬರಲ್ಲ, ಕೂತು ಆರಿಸೋಕೆ ಮಾತ್ರ ಬರುತ್ತೆ. ಮಾಡೋಕೆ ಕೆಲಸ ಇಲ್ದೇ ಹೋದ್ರೆ ಹೀಗೇ."

ಕರಿಯಣ್ಣ ಮೊದಲು ಕೆಮ್ಮಿದರು, ಆಮೇಲೆ ತಡೆಯಲಾರದೆ ನಕ್ಕರು. "ಅಯ್ಯೋ ಚೌಡಾ! ಸ್ಟ್ಯಾಂಡ್‌ಬೈ ಪಂಪು ಮಾಡ್ಕೊಂಡ್ಬಿಟ್ಟಿದ್ಯೇನೋ ಕಾರನ್ನ!" ಎಂದು ತೊಡೆ ತಟ್ಟಿಕೊಂಡರು. ನಗು ನಿಲ್ಲಲೇ ಇಲ್ಲ. ಚೌಡಪ್ಪನವರ ಕೆಳತುಟಿ ಅದುರಿತು. ತಾತನ ಪಕ್ಕದಲ್ಲಿ ಮಂಡಕ್ಕಿಗೆ ಕೈ ಚಾಚಿದ್ದ ದಿವ್ಯ ಕೈ ಹಿಂದಕ್ಕೆ ಎಳೆದುಕೊಂಡು ಅವರ ಮುಖವನ್ನೇ ನೋಡುತ್ತಿದ್ದಳು.

ಆ ರಾತ್ರಿ ಚೌಡಪ್ಪ ಕೀಲಿಕೈ ತಂದು ಸೊಸೆಯ ತಟ್ಟೆಯ ಪಕ್ಕದಲ್ಲಿಟ್ಟು, ಊಟ ಮಾಡದೆ ಹೋಗಿ ಮಲಗಿದರು. ಮಾರನೆಯ ದಿನದಿಂದ ಅವರ ಊಟ ಕೋಣೆಗೇ ಹೋಯಿತು. ಟೀ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಅಲ್ಲಿ ಕರಿಯಣ್ಣ ಕತೆಯನ್ನು ಉಪ್ಪುಖಾರ ಹಚ್ಚಿ ಹಂಚಿದ್ದು ತಿಳಿದಿತ್ತು. ಸಂಜೆ ಬಸ್‌ಸ್ಟಾಪಿಗೆ ಹೋಗಿ ಮೊಮ್ಮಗಳ ಚೀಲ ಹೊತ್ತು ತರುತ್ತಿದ್ದವರು ಅದನ್ನೂ ಬಿಟ್ಟರು. ದಿವ್ಯ ಎರಡು ದಿನ ಸ್ಟಾಪಿನಲ್ಲೇ ಕಾದು ಕೂತು ಕತ್ತಲಾದ ಮೇಲೆ ಮನೆಗೆ ಬಂದಳು.

"ಯಾಕೆ ಅತ್ತೆ, ನಾನು ಹೇಳಿದ್ದರಲ್ಲಿ ಸುಳ್ಳೇನಿತ್ತು?" ಎಂದು ವೀಣಾ ಲಿಂಗಮ್ಮನನ್ನು ಕೇಳಿದಳು.

"ಸುಳ್ಳು ಅಂತ ಯಾರಂದ್ರು?" ಲಿಂಗಮ್ಮ ಗಂಡನ ತಟ್ಟೆಯಲ್ಲಿ ಹಾಗೇ ಉಳಿದಿದ್ದ ಮುದ್ದೆಯನ್ನು ದನದ ಬಕೆಟ್ಟಿಗೆ ಹಾಕಿದರು. "ಕರಿಯಣ್ಣನ ಮುಂದೆ ಹೇಳಿದ್ಯಲ್ಲೇ. ನನ್ನ ಮುಂದೆ ಹೇಳಿದ್ರೆ ನಾನೇ ಅವರ ಜೇಬಿಂದ ತೆಗ್ದು ಕೊಡ್ತಿರಲಿಲ್ವಾ?"

"ನಿಮ್ಮ ಮುಂದೆ ಎಷ್ಟು ಸಲ ಅತ್ತಿದೀನಿ? ಒಂದು ದಿನ ಕೊಟ್ರಾ?"

ಲಿಂಗಮ್ಮ ಬಕೆಟ್ಟು ಎತ್ತಿಕೊಂಡು ಹಿತ್ತಲಿಗೆ ಹೋದರು. ಉತ್ತರವಿಲ್ಲದವರ ಸಿಟ್ಟು ದೊಡ್ಡದು. ಅಂದಿನಿಂದ ಅವರೂ ಸೊಸೆಯೊಡನೆ ಉಪ್ಪು, ಹುಳಿಯಷ್ಟಕ್ಕೇ ಮಾತು ಇಳಿಸಿದರು. ದೇವರಾಜನಂತೂ ಎಲ್ಲವೂ ಅವಳಿಂದಲೇ ಆಯಿತೆಂಬಂತೆ ನಿಟ್ಟುಸಿರು ಬಿಟ್ಟುಕೊಂಡು ತಿರುಗಿದ.

ಕಾರು ಈಗ ವೀಣಾಳದೇ. ಮೊದಲ ಬೆಳಗ್ಗೆ ಅವಳು ಗೇಟು ತೆಗೆದು ಕಾರನ್ನು ರಸ್ತೆಗಿಳಿಸಿ ಕಾದಳು. ದಿವ್ಯ ಚೀಲ ಹೊತ್ತು ಹೊರಬಂದವಳು ಕಾರನ್ನು ದಾಟಿ ಅಪ್ಪನ ಬೈಕಿನ ಹಿಂದೆ ಕೂತಳು.

"ಬಾರೇ, ಹೊತ್ತಾಯ್ತು."

"ನಾನು ಬಸ್ಸಲ್ಲಿ ಹೋಗ್ತೀನಿ."

"ಬಸ್ಸಲ್ಲಿ ನಿಂತ್ಕೊಂಡು ಹೋಗ್ಬೇಕು ಕಣೆ. ಇದೇನು ಹಟ?"

"ನಿಂಗೆ ತಾನೇ ಕಾರು ಬೇಕಾಗಿದ್ದು? ನೀನೇ ಹೋಗು," ಎಂದಳು ಮಗಳು. ದೇವರಾಜ ಬುದ್ಧಿ ಹೇಳುವ ಬದಲು ಅವಳನ್ನು ಬಸ್‌ಸ್ಟಾಪಿಗೆ ಬಿಡಲು ಬೈಕಿಗೆ ಕಿಕ್ ಹೊಡೆದ.

ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ ಎಂದುಕೊಂಡಳು ವೀಣಾ. ದಿವ್ಯಳಿಗೆ ಇಷ್ಟವೆಂದು ಚಿತ್ರಾನ್ನ ಮಾಡಿ ಡಬ್ಬಿಗೆ ಹಾಕಿದಳು; ಡಬ್ಬಿ ಖಾಲಿಯಾಗಿ ಬಂತು, ಹುಡುಗಿ ಕಾರಿಗೆ ಬರಲಿಲ್ಲ. ಆ ವಾರವೂ ಹೋಯಿತು, ಮರುವಾರವೂ ಹೋಯಿತು. ಲ್ಯಾಬಿನಲ್ಲಿ ಮಾತ್ರ ಅವಳೀಗ ಎಲ್ಲರಿಗಿಂತ ಮೊದಲು. ಮಾಲೀಕರು ಒಂದು ದಿನ ಹೊಗಳಿದರು ಕೂಡ. ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಒಂದು ಬೆಳಗ್ಗೆ ಊರಾಚೆಯ ರೈಲ್ವೆ ಗೇಟು ಹಾಕಿತ್ತು. ವೀಣಾಳ ಕಾರಿನ ಪಕ್ಕಕ್ಕೇ ಶಿವಮೊಗ್ಗದ ಬಸ್ಸು ಬಂದು ನಿಂತಿತು. ಡ್ರೈವರ್ ಎಂಜಿನ್ ಆರಿಸಿದ. ತುಂಬಿದ ಬಸ್ಸಿನ ಕಿಟಕಿಯ ಪಕ್ಕದಲ್ಲೇ ದಿವ್ಯ, ಕಂಬಿ ಹಿಡಿದು, ಯಾರದೋ ಚೀಲಕ್ಕೂ ಇನ್ಯಾರದೋ ಮೊಣಕೈಗೂ ನಡುವೆ ಸಿಕ್ಕಿಕೊಂಡು ನಿಂತಿದ್ದಳು. ವೀಣಾ ಗಾಜು ಇಳಿಸಿದಳು.

"ದಿವ್ಯಾ, ಇಳ್ದು ಬಾ ಮಗಳೇ. ಗೇಟ್ ತೆಗೆಯೋಕೆ ಇನ್ನೂ ಹೊತ್ತಿದೆ."

ಹುಡುಗಿ ಕೇಳಿಸಿಕೊಂಡಳು. ಕಣ್ಣು ಕೂಡಿತು. ಕಿಟಕಿಯ ಬಳಿ ಕೂತಿದ್ದ ಹೂವಿನ ಬುಟ್ಟಿಯ ಹೆಂಗಸು ಒಮ್ಮೆ ಕೆಳಗೆ ನೋಡಿ, ಒಮ್ಮೆ ಹುಡುಗಿಯನ್ನು ನೋಡಿ, "ನಿಮ್ಮಮ್ಮನೇನೇ ಅದು?" ಎಂದಳು.

ಬಸ್ಸು ಆರಿತ್ತು. ಕಾರು ಉರಿಯುತ್ತಿತ್ತು, ಆದರೆ ನಡುಕವಿಲ್ಲ, ಸದ್ದಿಲ್ಲ. ಹಾಗಾಗಿ ಮಗಳ ಉತ್ತರ ವೀಣಾಳಿಗೆ ಒಂದಕ್ಷರವೂ ಬಿಡದೆ ಕೇಳಿಸಿತು.

"ಗೊತ್ತಿಲ್ಲ ಆಂಟಿ. ಬೇರೆ ಯಾರನ್ನೋ ಕರೀತಿದಾರೆ."